ನೀಲಿ ಮುಚ್ಚಳ, ಹಳದಿ ಮುಚ್ಚಳ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಆ ಶಾಲೆಗೆ ವಿಜ್ಞಾನದ ಟೀಚರಾಗಿ ಸೇರಿದಾಗ ಪಕ್ಕದಲ್ಲಿ ಒಂದು ಖಾಲಿ ಸೈಟಿತ್ತು. ಒಂದು ಹುಣಸೆ ಮರ, ಅಂಚಿನಲ್ಲಿ ಪಾರ್ಥೇನಿಯಂ ಗಿಡಗಳು, ನಡುವೆ ಮಕ್ಕಳು ತುಳಿದು ತುಳಿದು ಬೋಳಾದ ನೆಲ. ಪ್ರಾರ್ಥನೆ, ಡ್ರಿಲ್ಲು, ಆಟ ಎಲ್ಲ ಅಲ್ಲೇ ನಡೆಯುತ್ತಿತ್ತು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಗಲ್ಲಿಯಲ್ಲಿದ್ದ ಅನುದಾನಿತ ಕನ್ನಡ ಶಾಲೆ ಅದು. ನನ್ನ ಮನೆ ಹಲಸೂರಿನಲ್ಲಿ. ಬೆಳಿಗ್ಗೆ ಬಸ್ಸಿಳಿದು ಕೊಡೆ ಬಿಚ್ಚಿ ಶಾಲೆಯವರೆಗೆ ನಡೆಯುವುದು, ಸಂಜೆ ಅದೇ ಕೊಡೆ ಬಿಚ್ಚಿ ಬಸ್ಸಿಗೆ ಬರುವುದು. ಕಪ್ಪಗಾಗುತ್ತೀಯ ಎಂದು ಚಿಕ್ಕಂದಿನಿಂದ ಅಮ್ಮ ಹೇಳುತ್ತಿದ್ದ ಮಾತು ಮದುವೆಯಾಗಿ, ಇಬ್ಬರು ಮಕ್ಕಳಾದ ಮೇಲೂ ನನ್ನನ್ನು ಬಿಟ್ಟಿರಲಿಲ್ಲ.

ಕೆಲವು ವರ್ಷಗಳಲ್ಲಿ ಆ ಸೈಟಿನಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿತು. ಶಾಲೆಯ ಹಿಂದೆಯೂ ಒಂದು ಎದ್ದಿತು. ಕೆಳ ಅಂತಸ್ತಿನ ತರಗತಿಗಳಲ್ಲಿ ನಡುಮಧ್ಯಾಹ್ನವೂ ಟ್ಯೂಬ್‌ಲೈಟ್ ಉರಿಯತೊಡಗಿತು. ಪ್ರಾರ್ಥನೆ ಕಾರಿಡಾರಿಗೆ ಬಂತು, ಡ್ರಿಲ್ಲು ನಿಂತೇ ಹೋಯಿತು. ಮಕ್ಕಳೂ ಬದಲಾದರು. ಮೊದಲು ವಿಮಾನಪುರದ ಕಡೆಯ ವಿಮಾನ ಕಾರ್ಖಾನೆಯ ಕೆಲಸಗಾರರ ಮಕ್ಕಳು, ಸುತ್ತಲಿನ ಹಳೆಯ ಹಳ್ಳಿಗಳ ಮಕ್ಕಳು ಬರುತ್ತಿದ್ದರು. ಅವರೆಲ್ಲ ಇಂಗ್ಲಿಷ್ ಮೀಡಿಯಂ ಕಡೆ ಹೋದಂತೆ ಅವರ ಜಾಗಕ್ಕೆ ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಬಂದರು. ನಮ್ಮ ಶಾಲೆಯ ಸುತ್ತ ಎದ್ದ ಗೋಡೆಗಳಿಗೆ ಇಟ್ಟಿಗೆ ಹೊತ್ತವರಲ್ಲಿ ಅವರ ಅಪ್ಪ ಅಮ್ಮಂದಿರೂ ಇದ್ದರು.

ಆ ಹುಡುಗಿ ಐದನೇ ಕ್ಲಾಸಿಗೆ ಬಂದು ಸೇರಿದಳು. ಸುರಪುರದ ಕಡೆಯವಳು. ಲೆಕ್ಕದಲ್ಲಿ ಚುರುಕು, ಮಾತು ಕಡಿಮೆ. ನಡೆಯುವಾಗ ಬಾತುಕೋಳಿಯ ಹಾಗೆ ಎಡಕ್ಕೂ ಬಲಕ್ಕೂ ವಾಲುತ್ತಿದ್ದಳು. ನೆಲದಿಂದ ಏಳಬೇಕಾದರೆ ಎರಡೂ ಕೈಯನ್ನು ಮೊಣಕಾಲಿನ ಮೇಲಿಟ್ಟು, ಆಮೇಲೆ ತೊಡೆಯ ಮೇಲಿಟ್ಟು, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಏಳುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಹುಟ್ಟಿನಿಂದ ಬಂದದ್ದಿರಬೇಕು ಎಂದು ನಾವು ಟೀಚರುಗಳು ಮಾತಾಡಿಕೊಂಡಿದ್ದೆವು.

ದಸರಾ ರಜೆಗೆ ಸ್ವಲ್ಪ ಮುಂಚೆ ಒಂದು ದಿನ ಮೆಟ್ಟಿಲಿಳಿಯುವಾಗ ಬಿದ್ದಳು. ದೊಡ್ಡ ಪೆಟ್ಟೇನೂ ಆಗಿರಲಿಲ್ಲ. ಆದರೆ ಏಳಲು ಆಗಲಿಲ್ಲ. ಎತ್ತಿ ನಿಲ್ಲಿಸಿದರೆ ಕಾಲು ನಡುಗಿ ಮತ್ತೆ ಕೂತಳು.

"ಎಲ್ಲಿ ನೋವು?" ಎಂದು ಕೇಳಿದೆ.

"ದಿನಾ ಆಗೋ ಜಾಗದಲ್ಲೇ ಮಿಸ್" ಎಂದಳು.

ದಿನಾ ಎಂದರೆ ಎಷ್ಟು ದಿನದಿಂದ ಎಂದು ಕೇಳಿದರೆ, ಊರು ಬಿಟ್ಟು ಬಂದ ಮೇಲೆ ಶುರುವಾಯಿತು, ಹೋದ ವರ್ಷದಿಂದ ಜಾಸ್ತಿ ಎಂದಳು.

ಸಂಜೆ ನಾನೇ ಆಟೋದಲ್ಲಿ ಅವಳನ್ನು ಮನೆಗೆ ಬಿಟ್ಟೆ. ಎರಡು ಎತ್ತರದ ಕಟ್ಟಡಗಳ ಸಂದಿಯಲ್ಲಿ ಸಾಲಾಗಿ ಬಾಡಿಗೆ ರೂಮುಗಳು, ಮೇಲೆ ಶೀಟು. ಬಾಗಿಲಿಗೆ ಹೊರಗಿನಿಂದ ಬೀಗ. ಪಕ್ಕದ ರೂಮಿನ ಹೆಂಗಸು ಬಂದು ಬೀಗ ತೆಗೆದಳು. ಒಳಗೆ ಕತ್ತಲಲ್ಲಿ ಅವಳ ಪುಟ್ಟ ತಮ್ಮ ಚಾಪೆಯ ಮೇಲೆ ಕೂತಿದ್ದ. ಶಾಲೆ ಬಿಟ್ಟ ಮೇಲೆ ಹುಡುಗಿಯೂ ಒಳಗೆ ಹೋಗುತ್ತಾಳೆ, ಅಪ್ಪ ಅಮ್ಮ ಕೆಲಸದಿಂದ ಬರುವವರೆಗೆ ಬೀಗ ತೆಗೆಯುವುದಿಲ್ಲ, ಭಾನುವಾರವೂ ಹೀಗೇ ಎಂದು ಆ ಹೆಂಗಸು ಹೇಳಿದಳು.

ನಾನು ಕಾದೆ. ದೀಪ ಹಚ್ಚುವ ಹೊತ್ತಿಗೆ ತಾಯಿ ಬಂದಳು. ತಲೆಗೆ ಟವೆಲಿನ ಸಿಂಬಿ ಹಾಗೇ ಇತ್ತು, ಸೀರೆಯ ಮೇಲೆ ತೊಟ್ಟ ಗಂಡನ ಅಂಗಿಯ ತೋಳೆಲ್ಲ ಸಿಮೆಂಟು. ನನ್ನನ್ನು ನೋಡಿ ಗಾಬರಿಯಾದಳು.

"ಏನಾತ್ರಿ ಅಕ್ಕೋರೆ? ಏನರ ತಪ್ಪು ಮಾಡ್ಯಾಳೇನ್ರಿ?"

ಬಿದ್ದದ್ದನ್ನು ಹೇಳಿದೆ. ಅವಳು ಮಗಳ ಕಾಲನ್ನು ತೊಡೆಯ ಮೇಲೆಳೆದುಕೊಂಡು ನೀವತೊಡಗಿದಳು.

"ಕಾಲು ಬ್ಯಾನಿ ಅಂತಾಳ್ರಿ. ದಿನಾ ಎಣ್ಣಿ ಹಚ್ಚಿ ತಿಕ್ತೀನಿ. ಬೆಳ್ಯಾ ಮಕ್ಕಳಿಗೆ ಆಗ್ತದ ಅಂತಾರ."

"ಮಕ್ಕಳನ್ನ ಹೊರಗೆ ಆಡೋಕೆ ಬಿಡಲ್ವಾ?"

"ಹ್ಯಾಂಗ ಬಿಡ್ಲಿರಿ? ಗಾಡಿ ಓಡ್ಯಾಡ್ತಾವ, ಗುರ್ತಿಲ್ಲದ ಮಂದಿ. ಮತ್ತ ಬಿಸಲು ನೋಡ್ರಿ. ಊರಾಗ ಬಿಸಲಾಗ ಸುಟ್ಟು ಸುಟ್ಟು ನಾ ಹಿಂಗಾಗೀನಿ. ಇಲ್ಲಿಗಿ ಬಂದೂ ಬಿಸಲಾಗೇ ದುಡೀತೀನಿ. ನನ್ನ ಮಕ್ಕಳರ ನೆಳ್ಳಾಗ ಇರ್ಲಿ ಅಂತ್ರಿ."

ಡಾಕ್ಟರಿಗೆ ತೋರಿಸಬೇಕು ಎಂದಾಗ ಗಂಡನ ಮುಖ ನೋಡಿದಳು. ಅವನು ಆಗತಾನೇ ಬಂದು ಬಾಗಿಲಲ್ಲಿ ನಿಂತಿದ್ದ. "ಅಕ್ಕೋರು ಬರ್ತಾರಂದ್ರ ಹೋಗು" ಎಂದಷ್ಟೇ ಹೇಳಿದ.

ಶಿವಾಜಿನಗರದ ಕಡೆಯ ದೊಡ್ಡ ಆಸ್ಪತ್ರೆಗೆ ಹೋದೆವು. ಮಕ್ಕಳ ವಿಭಾಗದಲ್ಲಿ ಕೂತಿದ್ದ ಡಾಕ್ಟರ್ ಐವತ್ತರ ಆಸುಪಾಸಿನ ಹೆಂಗಸು, ರಿಚರ್ಡ್ಸ್ ಟೌನಿನವರು ಎಂದು ಆಮೇಲೆ ಗೊತ್ತಾಯಿತು. ನಮಗಿಂತ ಮುಂಚೆ ಬಂದವರೊಡನೆ ತಮಿಳು ಮಾತಾಡಿದರು, ಅವರಿಗಿಂತ ಮುಂಚಿನವರೊಡನೆ ದಖ್ಖನಿ ಉರ್ದು. ನಮ್ಮ ಸರದಿ ಬಂದಾಗ ಕನ್ನಡಕ್ಕೆ ತಿರುಗಿದರು. ಹುಡುಗಿಯನ್ನು ನಡೆಸಿ ನೋಡಿದರು. ಮಣಿಕಟ್ಟನ್ನು ಹಿಡಿದು ಬೆರಳಿನಿಂದ ಒತ್ತಿದರು. ಎಕ್ಸ್‌ರೇ ಬಂದ ಮೇಲೆ ಬೆಳಕಿಗೆ ಹಿಡಿದು ನನ್ನನ್ನು ಕರೆದರು.

"ನೀವು ಸೈನ್ಸ್ ಟೀಚರ್ ಅಂದ್ರಲ್ಲ, ನೋಡಿ. ಮೂಳೆ ತುದಿ ಗೆರೆ ಎಳೆದ ಹಾಗೆ ಇರಬೇಕು. ಇದು ಹೊಲಿಗೆ ಬಿಚ್ಚಿದ ಬಟ್ಟೆ ಥರ ನೂಲು ನೂಲಾಗಿದೆ. ರಿಕೆಟ್ಸ್."

ನಾನು ಪ್ರತಿ ವರ್ಷ ಆರನೇ ಕ್ಲಾಸಿಗೆ ಆ ಪಾಠ ಮಾಡುತ್ತಿದ್ದೆ. ಪುಸ್ತಕದಲ್ಲಿ ಕಾಲು ಬಿಲ್ಲಾಗಿದ್ದ ಹುಡುಗನ ಚಿತ್ರವಿತ್ತು. ಅದು ಬೇರೆ ಯಾವುದೋ ಕಾಲದ, ಬಿಸಿಲಿಲ್ಲದ ದೇಶದ ಕಾಯಿಲೆ ಎಂಬಂತೆ ಹೇಳಿ ಮುಗಿಸುತ್ತಿದ್ದೆ.

ಡಾಕ್ಟರು ತಾಯಿಯನ್ನು ಎದುರು ಕೂರಿಸಿಕೊಂಡು ಕೇಳಿದರು. ಏನು ತಿನ್ನುತ್ತಾಳೆ? ರೊಟ್ಟಿ, ಹಿಂಡಿ ಎಂಬ ಚಟ್ನಿಪುಡಿ, ಬ್ಯಾಳಿ ಇದ್ದ ದಿನ ಬ್ಯಾಳಿ. ಹಾಲು? ಚಹಾಕ್ಕೆ ಹಾಕಿದಷ್ಟು. ಬಿಸಿಲಿಗೆ ಹೋಗುತ್ತಾಳಾ? ತಾಯಿ ನನಗೆ ಹೇಳಿದ್ದನ್ನೇ ಹೇಳಿದಳು.

"ಬಿಸಿಲು ಮೈಮೇಲೆ ಬಿದ್ರೆ ನಮ್ಮ ಚರ್ಮ ಡಿ ಅನ್ನೋ ವಿಟಮಿನ್ ಮಾಡ್ಕೊಳ್ಳತ್ತಮ್ಮ. ಅದಿಲ್ದಿದ್ರೆ ಮೂಳೆ ಗಟ್ಟಿ ಆಗಲ್ಲ. ಇವಳಿಗೆ ಬಿಸಿಲೂ ಇಲ್ಲ, ಹಾಲೂ ಇಲ್ಲ."

ತಾಯಿ ಮಗಳ ಕಾಲಿನ ಮೇಲೆ ಕೈಯಿಟ್ಟಳು. ಆಮೇಲೆ ನಿಧಾನಕ್ಕೆ ಕೇಳಿದಳು.

"ನಾ ನೆಳ್ಳಾಗಿಟ್ಟಿದ್ದಕ್ಕೇ ಹಿಂಗಾತೇನ್ರಿ?"

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಮಗು ಜೋಪಾನ ಮಾಡಿದೀರ. ಅದರಲ್ಲಿ ತಪ್ಪಿಲ್ಲ. ವಾಸಿ ಆಗತ್ತೆ, ಬೇಗ ಆಗತ್ತೆ. ಔಷಧಿ ಪುಡಿ ಕೊಡ್ತೀನಿ, ವಾರಕ್ಕೊಂದು ಪೊಟ್ಟಣ. ಕ್ಯಾಲ್ಸಿಯಂ ಮಾತ್ರೆ ದಿನಾ. ಇವಳ ತಮ್ಮನ್ನೂ ಒಂದ್ಸಲ ಕರ್ಕೊಂಡು ಬನ್ನಿ."

ತಾಯಿ ತಲೆಯಾಡಿಸಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಬಿಸಿಲು ಬೀಳುತ್ತಿದ್ದ ಸೀಟಿನಲ್ಲಿ ಮಗಳನ್ನು ಕೂರಿಸಿ ಅವಳ ತೋಳಿನ ಬಟ್ಟೆ ಮೇಲಕ್ಕೆ ಸರಿಸಿದಳು. ಗಾಜಿನ ಮೂಲಕ ಬಂದ ಬಿಸಿಲಿನಿಂದ ಉಪಯೋಗವಿಲ್ಲ ಎಂದು ನನಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಹೇಳಲು ಮನಸ್ಸಾಗಲಿಲ್ಲ.

ಆಸ್ಪತ್ರೆಯಿಂದ ಹೊರಡುವ ಮುಂಚೆ ಡಾಕ್ಟರು ನನ್ನನ್ನು ಒಂದು ಮಾತು ಕೇಳಿದ್ದರು. "ನಿಮ್ಮ ಸ್ಕೂಲಲ್ಲಿ ಕಾಲು ನೋವು ಅನ್ನೋ ಮಕ್ಕಳು ಇನ್ನೆಷ್ಟಿದಾರೆ?" ಗೊತ್ತಿಲ್ಲ ಎಂದಿದ್ದೆ. "ಕೇಳಿ ನೋಡಿ" ಎಂದಿದ್ದರು. ಮರುದಿನ ಕ್ಲಾಸಿನಲ್ಲಿ ಕೇಳಿದೆ. ಮೊದಲು ಒಂದೆರಡು ಕೈ ಎದ್ದವು. ಆ ಕೈಗಳನ್ನು ನೋಡಿ ಇನ್ನಷ್ಟು ಎದ್ದವು. ಆಮೇಲೆ ಎಣಿಸುವುದನ್ನು ಬಿಟ್ಟೆ.

ಇದನ್ನು ತಿಳಿಸಲು ಮತ್ತೆ ಹೋದಾಗ ಡಾಕ್ಟರು ತಮ್ಮ ಯೋಚನೆ ಹೇಳಿದರು. ಹಾಲಿನಲ್ಲಿ ಕ್ಯಾಲ್ಸಿಯಂ ಇದೆ, ಆದರೆ ವಿಟಮಿನ್ ಡಿ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಹಾಲಿಗೇ ಬೆರೆಸಿ ಮಕ್ಕಳಿಗೆ ದಿನಾ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಎಷ್ಟು ಏರುತ್ತದೆ ಎಂದು ನೋಡಬೇಕು. ಒಂದು ಸೆಕ್ಷನ್ನಿಗೆ ಬೆರೆಸಿದ ಹಾಲು, ಇನ್ನೊಂದಕ್ಕೆ ಬರೀ ಹಾಲು. ಮೊದಲೊಮ್ಮೆ ಕೊನೆಗೊಮ್ಮೆ ರಕ್ತ ಪರೀಕ್ಷೆ. ಅದಕ್ಕೆ ಬೇಕಾದ ನೆರವನ್ನು ಅವರು ಎಲ್ಲಿಂದಲೋ ಹೊಂದಿಸಿದ್ದರು. ಶಾಲೆ ಸಿಕ್ಕಿರಲಿಲ್ಲ.

ನಮ್ಮ ಹೆಡ್‌ಮಾಸ್ಟರು ಒಳ್ಳೆಯವರು, ಆದರೆ ಹೆದರುವವರು. "ಹಾಲು ಕೊಡ್ಲಿ ಮೇಡಂ, ಬೇಡ ಅನ್ನಲ್ಲ. ಬ್ಲಡ್ ಅಂದ್ರೆ ಪೇರೆಂಟ್ಸ್ ಗಲಾಟೆ ಮಾಡ್ತಾರೆ. ನಾಳೆ ಯಾವ್ದಾದ್ರೂ ಮಗು ತಲೆ ಸುತ್ತಿ ಬಿದ್ರೆ ನಾನು ಉತ್ತರ ಹೇಳ್ಬೇಕು" ಎಂದರು. ಪೋಷಕರನ್ನು ಕರೆದು ಕೇಳೋಣ, ಒಪ್ಪಿದವರ ಮಕ್ಕಳದ್ದು ಮಾತ್ರ ತೆಗೆಯಲಿ, ಹಾಲು ಮಾತ್ರ ಎಲ್ಲರಿಗೂ ಸಿಗಲಿ ಎಂದು ಡಾಕ್ಟರೇ ಹೇಳಿದ ಮೇಲೆ ಒಪ್ಪಿದರು.

ಸಭೆ ಒಂದು ಭಾನುವಾರ ಕಾರಿಡಾರಿನಲ್ಲೇ ನಡೆಯಿತು. ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು. ಕ್ಯಾಂಟೀನಿನಲ್ಲಿ ಅಡುಗೆ ಕೆಲಸ ಮಾಡುವ ಒಬ್ಬ ತಂದೆ ಎದ್ದು ನಿಂತ.

"ರೀ ಡಾಕ್ಟ್ರೇ, ನಮ್ ಮಕ್ಳು ಚೆನ್ನಾಗೇ ಅವ್ರೆ. ರಕ್ತ ತಗೊಂಡು ನೀವೇನ್ ಮಾಡ್ತೀರ? ಬಡವರ ಮಕ್ಳ ಮೇಲೆ ಯಾಕೆ ಪರೀಕ್ಷೆ? ದೊಡ್ ದೊಡ್ ಸ್ಕೂಲಿಗೆ ಹೋಗಿ ಮಾಡ್ಬೋದಲ್ಲ?"

ಡಾಕ್ಟರು ಸಿಟ್ಟಾಗಲಿಲ್ಲ. "ಕೇಳಬೇಕಾದ ಪ್ರಶ್ನೇನೇ ಕೇಳಿದ್ರಿ. ಅಲ್ಲೂ ಕೇಳಿದೀನಿ, ಆ ಮಕ್ಕಳಿಗೂ ಇದೇ ತೊಂದ್ರೆ ಇದೆ. ಅವರ ಮನೇಲಿ ಮಾತ್ರೆ ಕೊಡಿಸ್ತಾರೆ. ಇಲ್ಲಿ ಹಾಲು ಕೊಡೋಣ ಅಂತ ಬಂದೆ. ಇಷ್ಟ ಇಲ್ದಿದ್ರೆ ಬೇಡ" ಎಂದರು. ಕೂತವರಲ್ಲಿ ಗುಸುಗುಸು ಎದ್ದಿತು. ಹಿಂದೆ ಕೆಲವರು ಏಳತೊಡಗಿದರು.

ಆಗ ಹುಡುಗಿಯ ತಾಯಿ ಎದ್ದಳು. ಅಷ್ಟು ಜನರ ಮುಂದೆ ಮಾತಾಡಿ ರೂಢಿಯಿರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನನ್ನ ಕಡೆಗೇ ನೋಡುತ್ತ ಮಾತಾಡಿದಳು.

"ನನ್ನ ಮಗಳನ್ನ ಎಲ್ಲಾರೂ ನೋಡೀರಿ. ಹ್ಯಾಂಗ ನಡೀತಿದ್ಳು ಗೊತ್ತದ. ಈಗ ಎರಡು ತಿಂಗಳಾತು ಔಷಧ ಕೊಡಾಕತ್ತೀನಿ, ಕೈ ಊರದ ಏಳ್ತಾಳ. ಮೊದಲ ಯಾರರ ರಕ್ತ ನೋಡಿ ಹೇಳಿದ್ರ ನನ್ನ ಮಗಳು ಬೀಳ್ತಿರಲಿಲ್ಲ. ನನಗ ಇಷ್ಟ ಗೊತ್ರಿ."

ಕೂತು ಮುಖ ಮುಚ್ಚಿಕೊಂಡಳು. ಕ್ಯಾಂಟೀನಿನ ತಂದೆ, "ಮೊದ್ಲು ಟೀಚರ್ದು ತಗೊಳ್ಳಿ, ಆಮೇಲೆ ನಮ್ ಮಕ್ಳದು" ಎಂದ. ಎಲ್ಲರೂ ನಕ್ಕರು. ನಾನು ಒಪ್ಪಿದೆ. ಹೆಚ್ಚಿನವರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರು. ಕೆಲವರು ಕೊನೆಯವರೆಗೂ ಒಪ್ಪಲಿಲ್ಲ, ಅವರನ್ನು ಯಾರೂ ಒತ್ತಾಯ ಮಾಡಲಿಲ್ಲ.

ಮಾತು ಕೊಟ್ಟಂತೆ ಮಕ್ಕಳೆದುರು ಮೊದಲು ನನ್ನ ರಕ್ತ ತೆಗೆದರು. ವರದಿ ಬಂದಾಗ ಡಾಕ್ಟರು ನನಗೆ ಬೇರೆಯಾಗಿ ಫೋನ್ ಮಾಡಿದರು. ಅನೇಕ ಮಕ್ಕಳಿಗಿಂತ ನನ್ನ ಮಟ್ಟವೇ ಕೆಳಗಿತ್ತು. ವಯಸ್ಸಾಯಿತು ಎಂದುಕೊಂಡಿದ್ದ ಸೊಂಟನೋವಿಗೆ ಬೇರೆ ಹೆಸರು ಸಿಕ್ಕಿತು. ಮಕ್ಕಳ ವರದಿಯನ್ನು ಹೆಡ್‌ಮಾಸ್ಟರು ಎರಡೆರಡು ಸಲ ಓದಿದರು. ನಡಿಗೆ ನೆಟ್ಟಗಿದ್ದ, ಕಾಲುನೋವೆಂದು ಎಂದೂ ಹೇಳದ, ಓಡಾಡುವ ಮಕ್ಕಳಲ್ಲೂ ಕೊರತೆಯಿತ್ತು. ತೀರಾ ಕಡಿಮೆಯಿದ್ದವರಿಗೆ ಆಸ್ಪತ್ರೆಯಿಂದಲೇ ಔಷಧಿ ಕೊಟ್ಟು ಪರೀಕ್ಷೆಯಿಂದ ಹೊರಗಿಟ್ಟರು.

ಮುಂದಿನ ಜೂನಿನಲ್ಲಿ ಹಾಲು ಶುರುವಾಯಿತು. ಬೆಳಿಗ್ಗೆ ಎರಡು ಕ್ಯಾನು ಬರುತ್ತಿದ್ದವು. ಒಂದಕ್ಕೆ ನೀಲಿ ಮುಚ್ಚಳ, ಒಂದಕ್ಕೆ ಹಳದಿ. ಎ ಸೆಕ್ಷನ್ನಿಗೆ ನೀಲಿ, ಬಿ ಸೆಕ್ಷನ್ನಿಗೆ ಹಳದಿ. ವಿಟಮಿನ್ ಯಾವುದರಲ್ಲಿದೆ ಎಂಬುದು ನನಗೂ ಗೊತ್ತಿರಲಿಲ್ಲ, ಹಾಲು ತರುವವನಿಗೂ ಗೊತ್ತಿರಲಿಲ್ಲ. ಬಿಸಿಯೂಟದ ಅಡುಗೆಯಮ್ಮ ಎರಡನ್ನೂ ಬೇರೆ ಬೇರೆ ಕಾಯಿಸಿ ಸಕ್ಕರೆ ಹಾಕುತ್ತಿದ್ದಳು. ಮಕ್ಕಳು ಮನೆಯಿಂದ ಲೋಟ ತರುತ್ತಿದ್ದರು.

ಒಂದು ವಾರದೊಳಗೆ ಶಕ್ತಿ ಇರುವುದು ನೀಲಿಯಲ್ಲಿ ಎಂದು ಮಕ್ಕಳು ತೀರ್ಮಾನಿಸಿದರು. ಯಾಕೆಂದು ಕೇಳಿದರೆ ನೀಲಿ ಹಾಲು ಕುಡಿದ ಹುಡುಗನೊಬ್ಬ ಕೈಕುಸ್ತಿಯಲ್ಲಿ ಗೆದ್ದಿದ್ದ. ಬಿ ಸೆಕ್ಷನ್ನಿನವರು ಎ ಸೆಕ್ಷನ್ನಿನ ಸಾಲಿನಲ್ಲಿ ನುಸುಳತೊಡಗಿದರು. ನೀಲಿ ಹಾಲು ಅರ್ಧ ಲೋಟಕ್ಕೆ ಹಳದಿ ಹಾಲು ಇಡೀ ಲೋಟ ಎಂದು ಅದಲುಬದಲು ನಡೆಯುತ್ತಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಡಾಕ್ಟರಿಗೆ ಹೇಳಿದೆ. "ಹೀಗಾದ್ರೆ ಎಲ್ಲ ಕಲಸಿ ಹೋಗತ್ತೆ ಮೇಡಂ, ಪ್ಲೀಸ್, ಕಣ್ಣಿಟ್ಟಿರಿ" ಎಂದರು. ಅಂದಿನಿಂದ ಹಾಲಿನ ಹೊತ್ತಿಗೆ ನಾನು ಎರಡು ಸಾಲುಗಳ ನಡುವೆ ನಿಲ್ಲುತ್ತಿದ್ದೆ. ಕುಡಿದು ಲೋಟ ಬೋರಲು ಹಾಕಿ ತೋರಿಸಿದ ಮೇಲೇ ಕ್ಲಾಸಿಗೆ ಹೋಗಬೇಕು. ಕೆನೆ ಕಂಡರೆ ಓಕರಿಸುವವರಿಗೆ ಅಡುಗೆಯಮ್ಮ ಸೋಸಿ ಕೊಡುತ್ತಿದ್ದಳು. ಹಾಲು ಕುಡಿದು ಅಭ್ಯಾಸವೇ ಇಲ್ಲದ ಕೆಲವರಿಗೆ ಮೊದಲ ದಿನಗಳಲ್ಲಿ ಹೊಟ್ಟೆ ಕೆಟ್ಟಿತು. ಅಂಥವರಿಗೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದೆವು.

ಆ ಹುಡುಗಿ ಆಗ ಆರನೇ ಕ್ಲಾಸು. ಔಷಧಿ ತೆಗೆದುಕೊಳ್ಳುತ್ತಿದ್ದವಳಾದ್ದರಿಂದ ಯಾವ ಲೆಕ್ಕಕ್ಕೂ ಸೇರಿರಲಿಲ್ಲ. ಒಂದು ದಿನ ಡಾಕ್ಟರು ಬಂದಾಗ ನೇರ ಹೋಗಿ ಕೇಳಿದಳು.

"ನಂದು ಯಾವ ಬಣ್ಣ ಮೇಡಂ?"

"ನಿಂದಾ? ನಿನಗೆ ಯಾವುದು ಇಷ್ಟಾನೋ ಅದು."

ಅವಳು ಎರಡೂ ಕ್ಯಾನುಗಳನ್ನು ನೋಡಿ ಹಳದಿ ಎಂದಳು. ಅಲ್ಲಿ ಸಾಲು ಚಿಕ್ಕದಿತ್ತು.

ಫೆಬ್ರವರಿಯಲ್ಲಿ ಮತ್ತೆ ರಕ್ತ ತೆಗೆದರು. ಈ ಸಲ ಯಾರೂ ಗಲಾಟೆ ಮಾಡಲಿಲ್ಲ. ಕ್ಯಾಂಟೀನಿನ ತಂದೆ ತಾನೇ ಮಗನನ್ನು ಹಿಡಿದು ಕೂತಿದ್ದ. ಫಲಿತಾಂಶ ಹೇಳಲು ಡಾಕ್ಟರು ಮತ್ತೆ ಪೋಷಕರನ್ನು ಕರೆದರು. ವಿಟಮಿನ್ ಇದ್ದದ್ದು ಹಳದಿ ಮುಚ್ಚಳದ ಕ್ಯಾನಿನಲ್ಲಿ. ಆ ಸೆಕ್ಷನ್ನಿನ ಹೆಚ್ಚಿನ ಮಕ್ಕಳ ಮಟ್ಟ ಏರಿತ್ತು, ಕೆಲವರದ್ದು ಚೆನ್ನಾಗಿಯೇ ಏರಿತ್ತು. ನೀಲಿಯವರದ್ದು ಇದ್ದಲ್ಲೇ ಇತ್ತು, ಮಳೆಗಾಲ ಚಳಿಗಾಲ ಕಳೆದದ್ದರಿಂದ ಕೆಲವರದ್ದು ಇಳಿದೂ ಇತ್ತು. ಬಿ ಸೆಕ್ಷನ್ನಿನ ಮಕ್ಕಳಿಗೆ ಆ ದಿನ ಹಬ್ಬ. ಮುಂದಿನ ದಿನದಿಂದ ಎರಡೂ ಕ್ಯಾನಿಗೆ ಹಳದಿ ಮುಚ್ಚಳವೇ ಬಂತು, ವರ್ಷ ಮುಗಿಯುವವರೆಗೆ ಎಲ್ಲರೂ ಅದೇ ಹಾಲು ಕುಡಿದರು.

ಆಮೇಲೆ ಹಾಲು ನಿಂತಿತು. ಅಧ್ಯಯನ ಮುಗಿದಿತ್ತು. ಇದನ್ನು ಮುಂದುವರಿಸಿ, ಬೇರೆ ಶಾಲೆಗಳಿಗೂ ಕೊಡಿ ಎಂದು ಡಾಕ್ಟರು ಬಹಳ ಕಡೆ ಓಡಾಡಿದರು. ಎಲ್ಲರೂ ಒಳ್ಳೆಯ ಕೆಲಸ ಎಂದರು, ಯಾರೂ ಮುಂದೆ ಬರಲಿಲ್ಲ. ಅವರು ಬೇಸರ ಮಾಡಿಕೊಂಡದ್ದನ್ನು ನಾನು ನೋಡಿದ್ದು ಆಗ ಒಂದೇ ಸಲ. ಸ್ಟಾಫ್ ರೂಮಿನಲ್ಲಿ ಕೂತು, "ಉಪ್ಪಿಗೆ ಅಯೋಡಿನ್ ಹಾಕೋಕೆ ಆಗತ್ತೆ, ಹಾಲಿಗೆ ಇದನ್ನ ಹಾಕೋಕೆ ಯಾಕಾಗಲ್ಲ ಮೇಡಂ?" ಎಂದರು.

ಹಾಲಿಲ್ಲದಿದ್ದರೆ ಬಿಸಿಲಾದರೂ ಇರಲಿ ಎಂದು ತಾರಸಿಯ ಮಾತು ತೆಗೆದವಳು ನಾನು. ಶಾಲೆಯ ತಾರಸಿಗೆ ಬೀಗ ಹಾಕಿದ್ದರು. ಸುತ್ತುಗೋಡೆ ಮೊಣಕಾಲೆತ್ತರವೂ ಇರಲಿಲ್ಲ, ಮಕ್ಕಳನ್ನು ಹತ್ತಿಸುವಂತಿರಲಿಲ್ಲ. ಹೆಡ್‌ಮಾಸ್ಟರು ಮೇಲೆ ಬಂದು ಅತ್ತ ಇತ್ತ ನೋಡಿ, "ಗೋಡೆ ಎತ್ತರ ಮಾಡ್ಸಿದ್ರೆ ಬಿಡ್ಬೋದು" ಎಂದರು. ಅವರು ಹಾಗೆ ಹೇಳಿದ್ದನ್ನು ನಾನು ಹುಡುಗಿಯ ತಾಯಿಗೆ ಹೇಳಿದೆ. ಅವಳ ಗಂಡ ಗಾರೆ ಕೆಲಸದವನು. ಅದರ ಮುಂದಿನ ಭಾನುವಾರಗಳಲ್ಲಿ ಅವನೂ ಅವನ ಜೊತೆಯವರೂ ಬಂದರು, ಕ್ಯಾಂಟೀನಿನ ತಂದೆ ಎಲ್ಲರಿಗೂ ಚಿತ್ರಾನ್ನ ಮಾಡಿ ತಂದ. ಆಡಳಿತ ಮಂಡಳಿ ಇಟ್ಟಿಗೆ, ಸಿಮೆಂಟು, ಮರಳು ತರಿಸಿಕೊಟ್ಟಿತ್ತು. ಹೆಂಗಸರು ಸಿಂಬಿ ಇಟ್ಟು ಇಟ್ಟಿಗೆಯನ್ನು ಮೆಟ್ಟಿಲು ಹತ್ತಿಸಿದರು. ನನ್ನ ತಲೆಯ ಮೇಲೂ ಎರಡು ಇಟ್ಟಿಗೆ ಇಡಿಸಿಕೊಂಡು ಹತ್ತಿದೆ. ಎರಡನೇ ಸಲ ಹತ್ತುವಾಗ ಹುಡುಗಿಯ ತಾಯಿ ನನ್ನ ತಲೆಯಿಂದ ತೆಗೆದು ತನ್ನ ಬುಟ್ಟಿಗೆ ಹಾಕಿಕೊಂಡಳು. "ಬಿಡ್ರಿ ಅಕ್ಕೋರೆ, ಕುತ್ಗಿ ಹಿಡೀತದ" ಎಂದಳು.

ಗೋಡೆ ಎದೆಮಟ್ಟಕ್ಕೆ ಬಂತು. ಆ ಜೂನಿನಿಂದ ಡ್ರಿಲ್ ಪೀರಿಯಡ್ಡನ್ನು ಹನ್ನೊಂದು ಗಂಟೆಯ ನಂತರಕ್ಕೆ ಹಾಕಿ, ಒಂದೊಂದೇ ತರಗತಿಯನ್ನು ತಾರಸಿಗೆ ಕಳಿಸತೊಡಗಿದೆವು. ಕಾರ್ಖಾನೆಯ ವಿಮಾನ ಮೇಲೆ ಹಾದುಹೋದರೆ ಎಲ್ಲರ ಕೈ ಅರ್ಧಕ್ಕೇ ನಿಂತು ತಲೆ ಮೇಲಾಗುತ್ತಿತ್ತು. ಡ್ರಿಲ್ ಟೀಚರು ಗದರಿ ಗದರಿ ಸಾಕಾಗಿ ತಾವೂ ನೋಡುತ್ತಿದ್ದರು. ನಾನು ಕೊಡೆ ತರುವುದನ್ನು ಮಳೆಗಾಲಕ್ಕೆ ಸೀಮಿತ ಮಾಡಿಕೊಂಡೆ. ಡಾಕ್ಟರು ಇನ್ನೊಂದು ವರ್ಷ ಬಿಟ್ಟು ಕೆಲವು ಮಕ್ಕಳ ರಕ್ತ ಮತ್ತೆ ನೋಡಿದರು. ಹಾಲಿದ್ದ ವರ್ಷದಷ್ಟು ಚೆನ್ನಾಗಿರಲಿಲ್ಲ, ಮೊದಲಿನಷ್ಟು ಕೆಟ್ಟದಾಗಿಯೂ ಇರಲಿಲ್ಲ. ಬಿಸಿಲಿಗೆ ಹಾಲು ಸೇರಿದರೆ ಸಾಕಾಗುತ್ತಿತ್ತು ಎಂದರು. ಕೊನೆಗೆ ಅವರ ಸಲಹೆಯಂತೆ ಆಡಳಿತ ಮಂಡಳಿಯೇ ಚಿಕ್ಕ ತರಗತಿಗಳಿಗೆ ವಾರದಲ್ಲಿ ಎರಡು ದಿನ ವಿಟಮಿನ್ ಬೆರೆಸಿದ ಹಾಲು ಕೊಡಿಸಿತು. ಅದು ಕೆಲವು ವರ್ಷ ನಡೆದು, ಮಂಡಳಿಯವರು ಬದಲಾದಾಗ ನಿಂತಿತು. ತಾರಸಿ ಮಾತ್ರ ನಿಲ್ಲಲಿಲ್ಲ.

ಹುಡುಗಿ ಏಳನೇ ಕ್ಲಾಸು ಮುಗಿಸುವ ಹೊತ್ತಿಗೆ ಅವಳ ಅಪ್ಪನಿಗೆ ಕೆಲಸ ಕೆ.ಆರ್. ಪುರದ ಕಡೆ ಸಿಕ್ಕಿ ಮನೆ ಬದಲಾಯಿಸಿದರು. ಕಾಲು ಪೂರ್ತಿ ನೆಟ್ಟಗಾಗಲಿಲ್ಲ. ಗೊತ್ತಿದ್ದು ನೋಡಿದರೆ ಮೊಣಕಾಲಿನ ಕೆಳಗೆ ಸಣ್ಣ ಬಾಗು ಕಾಣುತ್ತಿತ್ತು. ನೋವಿರಲಿಲ್ಲ. ಓಡುತ್ತಿದ್ದಳು.

ಹೊಸ ಮನೆಗೆ ಬರಲೇಬೇಕೆಂದು ಅವಳ ತಾಯಿ ಹೇಳಿ ಹೋಗಿದ್ದಳು. ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಎರಡಂತಸ್ತಿನ ಮನೆಯ ಮೇಲೆ, ತಾರಸಿಯಲ್ಲೇ ಕಟ್ಟಿದ್ದ ಒಂದು ರೂಮು. ಅಕ್ಕ ತಮ್ಮ ಇಬ್ಬರೂ ನೀರಿನ ಟ್ಯಾಂಕಿನ ಪಕ್ಕ ಸುಣ್ಣದ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದರು. ಏಪ್ರಿಲ್ ತಿಂಗಳು, ರೂಮಿನ ಒಳಗೆ ಕಾದ ಹೆಂಚಿನ ಹಾಗಿತ್ತು.

"ಬ್ಯಾಸಗಿಯೊಳಗ ಇಲ್ಲಿ ಹ್ಯಾಂಗ ಇರ್ತೀರಿ?" ಎಂದು ಅವಳ ಮಾತಿನ ಧಾಟಿಯಲ್ಲೇ ಕೇಳಿದೆ.

ಅವಳಿಗೆ ನಗು ಬಂತು. "ನಮಗ ರೂಢಿ ಅದ್ರಿ ಅಕ್ಕೋರೆ. ನಿಮಗ ಆಗಾಂಗಿಲ್ಲ, ಬಾಗಲ ಹಂತ್ಯಾಕ ಕೂಡ್ರಿ, ಗಾಳಿ ಬರ್ತದ" ಎಂದು ಚಾಪೆಯನ್ನು ಅಲ್ಲಿಗೆ ಎಳೆದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಡಿಸಿದಳು. ಮಕ್ಕಳನ್ನು ಕರೆದಳು. ಇನ್ನೊಂದೇ ಆಟ ಎಂದು ಹೊರಗಿನಿಂದ ಹುಡುಗಿ ಕೂಗಿದಳು. ನಾವಿಬ್ಬರೂ ಅವರಿಗೆ ಕಾಯದೆ ಊಟಕ್ಕೆ ಕೂತೆವು.